ಆಲೂಗಡ್ಡೆ ಬೆಳೆಗಾರರ ಸಂಘಕ್ಕೆ ಸೇರಿದರೆ ಏನು ಸಿಗುತ್ತದೆ? ಹಾಸನ, ಚಿಕ್ಕಮಗಳೂರಿನ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಬಂದು ನಿಲ್ಲುತ್ತಿದ್ದಂತೆ ಪ್ರಶ್ನೆಗಳೂ ಶುರುವಾಗುತ್ತವೆ. ಬೀಜ ಯಾವುದು ತರಲಿ, ಸಂಘ ಅಂತ ಇದ್ದು ಏನುಪಯೋಗ, ಎಲೆ, ಗೆಡ್ಡೆ ಕೊಳೆಸುವ ಅಂಗಮಾರಿ ರೋಗ ಬಂದರೆ ಯಾರನ್ನು ಕೇಳಲಿ, ರೇಟು ಬಿದ್ದರೆ ಯಾರು ಹೊಣೆ. ಮುಂಗಾರಿನಲ್ಲಿ ಮಳೆಯಾಶ್ರಯದಲ್ಲಿ ಗೆಡ್ಡೆ ಹಾಕುವವರನ್ನು ಮನಸ್ಸಿನಲ್ಲಿಟ್ಟು ಈ ಉತ್ತರಗಳನ್ನು ಬರೆದಿದೆ.

ಕಾಫಿಗೆ ಮಂಡಳಿ ಇದೆ. ಆಲೂಗಡ್ಡೆಗೆ ಯಾಕಿಲ್ಲ?

ಚಿಕ್ಕಮಗಳೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕಾಫಿ ಮಂಡಳಿಗೆ 1942ರ ಕಾಫಿ ಕಾಯ್ದೆಯ ಬಲವಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದಕ್ಕಿಂತ ಹಳೆಯದು, 1925ರದ್ದು. ಅರಿಶಿನಕ್ಕೂ 2025ರಲ್ಲಿ ರಾಷ್ಟ್ರೀಯ ಮಂಡಳಿ ಬಂತು. ಇವೆಲ್ಲ ಕೆಲವೇ ಪ್ರದೇಶಗಳಲ್ಲಿ ಬೆಳೆದು ರಫ್ತಿಗೆ ಹೋಗುವ ಬೆಳೆಗಳು. ಆಲೂಗಡ್ಡೆ ಹಾಗಲ್ಲ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಬಿಹಾರಗಳಲ್ಲಿ ರಾಶಿ ರಾಶಿ ಬೆಳೆದು ದೇಶದೊಳಗೇ ತಿಂದು ಮುಗಿಯುತ್ತದೆ. ಹಾಗಾಗಿ ಬೆಳೆಗಾರರಿಂದ ಸೆಸ್ ಎತ್ತಿ ಬೆಳೆಗಾರರಿಗಾಗಿಯೇ ನಡೆಯುವ ಮಂಡಳಿ ಇದಕ್ಕೆ ಹುಟ್ಟಲಿಲ್ಲ.

ಇರುವುದು ಸಂಶೋಧನೆಯ ವ್ಯವಸ್ಥೆ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ತಳಿಗಳ ಹೆಸರಿನಲ್ಲಿ ನಾವು ದಿನಾ ಹೇಳುವ 'ಕುಫ್ರಿ' ಶಿಮ್ಲಾ ಪಕ್ಕದ ಊರಿನ ಹೆಸರು. ನಮ್ಮ ಕಡೆ ಇದರ ಕೊಂಡಿ ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ. ಅದು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಖಿಲ ಭಾರತ ಆಲೂಗಡ್ಡೆ ಯೋಜನೆಯ ಪ್ರಯೋಗಗಳು ಅಲ್ಲಿ ನಡೆಯುತ್ತವೆ. ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಿವೆ, ತೋಟಗಾರಿಕೆ ಇಲಾಖೆಯಿದೆ. ತಿಳಿವಳಿಕೆಗೆ ಕೊರತೆಯಿಲ್ಲ. ಆ ತಿಳಿವಳಿಕೆ ಮೇ 20ರೊಳಗೆ, ಬೀಜದ ರೂಪದಲ್ಲಿ ಹೊಲದ ಬದುವಿಗೆ ಬಂದು ಬೀಳಬೇಕಲ್ಲ, ಅಲ್ಲಿ ಎಡವುತ್ತೇವೆ. ಸಂಘದ ಕೆಲಸ ಶುರುವಾಗುವುದೂ ಅಲ್ಲಿಂದಲೇ.

ಬೇರೆ ದೇಶದಲ್ಲಿ ಬೆಳೆಗಾರರೇ ದುಡ್ಡು ಹಾಕಿ ಸಂಸ್ಥೆ ನಡೆಸುತ್ತಾರಂತೆ, ನಿಜವೇ?

ನಿಜ. ಅಮೆರಿಕದಲ್ಲಿ 1971ರ ಕಾಯ್ದೆಯಡಿ ಆಲೂಗಡ್ಡೆ ಬೆಳೆಗಾರರು ಮಾರಿದ ತೂಕದ ಮೇಲೆ ವಂತಿಗೆ ಕಟ್ಟುತ್ತಾರೆ. ಸಂಶೋಧನೆಗೂ ಪ್ರಚಾರಕ್ಕೂ ಖರ್ಚಾಗುವುದು ಅದೇ ಹಣ. ಬ್ರಿಟನ್ನಿನಲ್ಲಿ ಬೆಳೆದ ಹೆಕ್ಟೇರಿಗೆ ಇಷ್ಟು ಅಂತ ಕಡ್ಡಾಯವಾಗಿ ಕಟ್ಟಬೇಕಿತ್ತು. ಆ ಹಣದಲ್ಲಿ ಅಂಗಮಾರಿ ಮಾದರಿಗಳ ಉಚಿತ ಪರೀಕ್ಷೆ, ಶೇಖರಣೆಯ ಪ್ರಯೋಗ, ಮಾರುಕಟ್ಟೆ ವರದಿ ಎಲ್ಲ ನಡೆಯುತ್ತಿತ್ತು. 2021ರಲ್ಲಿ ಮತಕ್ಕೆ ಹಾಕಿದಾಗ ಹೆಚ್ಚಿನ ಬೆಳೆಗಾರರು ಬೇಡವೆಂದರು, ವಂತಿಗೆ ನಿಂತಿತು. ನಮಗಿದರಲ್ಲಿ ತಿಳಿಯಬೇಕಾದದ್ದು ಇಷ್ಟೇ: ಕಟ್ಟಿದ ದುಡ್ಡಿಗೆ ನನ್ನ ಹೊಲದಲ್ಲಿ ಏನಾಯಿತು ಅನ್ನುವುದು ಬೆಳೆಗಾರನಿಗೆ ಕಾಣದಿದ್ದರೆ, ಎಷ್ಟು ದೊಡ್ಡ ಸಂಸ್ಥೆಯಾದರೂ ಉಳಿಯುವುದಿಲ್ಲ.

ನಮ್ಮಲ್ಲಿ ಸಂಘ ಅಂದರೆ ಯಾವ ರೂಪದಲ್ಲಿ ಇರಬೇಕು?

ನೋಂದಾಯಿತ ಸಂಘ, ಸಹಕಾರ ಸಂಘ, ರೈತ ಉತ್ಪಾದಕ ಕಂಪನಿ, ಈ ಮೂರರಲ್ಲಿ ಒಂದು. ಬರೀ ಸಭೆ, ಮನವಿ, ಹೋರಾಟಕ್ಕಾದರೆ ಮೊದಲನೆಯದು ಸಾಕು. ಬೀಜ ಖರೀದಿ, ಔಷಧಿ ಮಾರಾಟ, ಲೋಡು ಕಳಿಸುವುದು ಅಂತ ವ್ಯವಹಾರಕ್ಕೆ ಇಳಿದರೆ ಉತ್ಪಾದಕ ಕಂಪನಿ ಅಥವಾ ಸಹಕಾರ ಸಂಘವೇ ಆಗಬೇಕು.

ಉತ್ಪಾದಕ ಕಂಪನಿಗೆ ಕನಿಷ್ಠ 10 ಜನ ಬೆಳೆಗಾರರು ಬೇಕು, ನಿರ್ದೇಶಕರು 5ರಿಂದ 15. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. 2020ರಲ್ಲಿ ಶುರುವಾದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಬಯಲು ಸೀಮೆಗೆ ಕನಿಷ್ಠ 300 ಸದಸ್ಯರ ನಿಯಮ ಇಟ್ಟು, 3 ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನಿರ್ವಹಣಾ ವೆಚ್ಚ, ಸದಸ್ಯರು ಹಾಕಿದ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿವರೆಗೆ, ಒಟ್ಟು 15 ಲಕ್ಷ ಮೀರದಂತೆ ಅನುದಾನ ಕೊಟ್ಟರು. ಆ 10,000ದ ಗುರಿ 2025ರ ಫೆಬ್ರವರಿಯಲ್ಲಿ ಮುಟ್ಟಿತು. ಹೀಗಾಗಿ ಈಗ ಹೊಸದು ಕಟ್ಟುವ ಬದಲು ನಿಮ್ಮ ಹೋಬಳಿಯಲ್ಲಿ ಆಗಲೇ ಇರುವ ಕಂಪನಿಗೆ ಸೇರಿ, ಅದರೊಳಗೆ ಆಲೂಗಡ್ಡೆಯ ಒಂದು ಗುಂಪು ಮಾಡಿಕೊಳ್ಳುವುದು ಸುಲಭ.

ನೇರವಾಗಿ ಹೇಳಿ. ಸೇರಿದರೆ ಏನು ಲಾಭ?

ಪ್ರಾಮುಖ್ಯದ ಪ್ರಕಾರ ಹೇಳುವುದಾದರೆ ಮೊದಲು ಬೀಜ, ಆಮೇಲೆ ಅಂಗಮಾರಿಯ ಮುನ್ಸೂಚನೆ, ಅದಾದ ಮೇಲೆ ವಿಮೆ ಮತ್ತು ದಾಖಲೆ. ರೇಟು ಕೊನೆಗೆ. ಜನ ಸೇರುವುದು ರೇಟಿನ ಆಸೆಗೆ. ಆದರೆ ಸಂಘದ ಕೈಲಿ ಅತಿ ಕಡಿಮೆ ಇರುವುದೂ ಅದೇ. ಬೀಜದಲ್ಲಿ ಒಮ್ಮೆ ಸೋತ ಬೆಳೆಗೆ ಸೆಪ್ಟೆಂಬರಿನಲ್ಲಿ ಯಾವ ರೇಟು ಬಂದರೂ ಲೆಕ್ಕ ಕೂಡುವುದಿಲ್ಲ. ಮಳೆಯಾಶ್ರಿತ ಗೆಡ್ಡೆಯ ಖರ್ಚಿನಲ್ಲಿ ದೊಡ್ಡ ಪಾಲು ಬೀಜದ್ದೇ ತಾನೇ?

ಎಕರೆಗೆ ಎಷ್ಟು ಬೀಜ ಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಡೀ ಗೆಡ್ಡೆ ಹಾಕುತ್ತೀರೋ ಕತ್ತರಿಸಿ ಹಾಕುತ್ತೀರೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 33,700 ಗುಣಿ. ತಲಾ 25 ಗ್ರಾಂ ಹೋಳು ಇಟ್ಟರೆ 8ರಿಂದ 8.5 ಕ್ವಿಂಟಲ್, ಅಂದರೆ 50 ಕೆ.ಜಿ.ಯ 17 ಚೀಲ. 40 ಗ್ರಾಂ ತೂಗುವ ಇಡೀ ಗೆಡ್ಡೆ ಇಟ್ಟರೆ 13.5 ಕ್ವಿಂಟಲ್, 27 ಚೀಲ. ಎಕರೆಗೆ 12 ಚೀಲದಲ್ಲಿ ಮುಗಿಸಿದೆ ಅನ್ನುವವರು ಒಂದೋ ಅಂತರ ಜಾಸ್ತಿ ಕೊಟ್ಟಿರುತ್ತಾರೆ, ಇಲ್ಲವೇ ಹೋಳನ್ನು 18 ಗ್ರಾಮಿಗೆ ಇಳಿಸಿರುತ್ತಾರೆ. ಅಷ್ಟು ಸಣ್ಣ ಹೋಳಿಗೆ ಹದಿನೈದು ದಿನ ಬಿಸಿಲು ಹೊಡೆದರೆ ಮೊಳಕೆ ಮೇಲೇಳುವ ಮೊದಲೇ ಒಣಗುತ್ತದೆ.

ಸಂಘದ ಮೂಲಕ ಬೀಜ ತಂದರೆ ಏನು ವ್ಯತ್ಯಾಸ? ಅದೂ ಜಲಂಧರ್ ಗೆಡ್ಡೆಯೇ ಅಲ್ಲವೇ?

ಹೌದು, ಅಲ್ಲಿಂದಲೇ. ಪಂಜಾಬಿನಲ್ಲಿ ಅಕ್ಟೋಬರಿನಲ್ಲಿ ಬಿತ್ತಿ, ಸಸ್ಯಹೇನು ಹೆಚ್ಚುವ ಮೊದಲೇ, ಡಿಸೆಂಬರ್ ಕೊನೆಯಿಂದ ಜನವರಿ ನಡುವೆ ಬಳ್ಳಿ ಕೊಯ್ದುಬಿಡುತ್ತಾರೆ. ನೂರು ಎಲೆಗೆ 20 ಹೇನು ಕಂಡರೆ ಅದೇ ಗಡಿ. ನಂಜು (ವೈರಸ್) ರೋಗವನ್ನು ಹೇನು ಹೊತ್ತು ತರುವುದರಿಂದ, ಆ ತಿಂಗಳುಗಳಲ್ಲಿ ಬೆಳೆದ ಗೆಡ್ಡೆ ಬೀಜಕ್ಕೆ ಯೋಗ್ಯ. ನಮ್ಮ ಮುಂಗಾರಿನ ಗೆಡ್ಡೆಯಲ್ಲಿ ನಂಜು ತುಂಬಿರುತ್ತದೆ. ಸೆಪ್ಟೆಂಬರಿನಲ್ಲಿ ಕಿತ್ತದ್ದನ್ನು ಮುಂದಿನ ಮೇವರೆಗೆ ಶೈತ್ಯಾಗಾರವಿಲ್ಲದೆ ಇಡುವುದೂ ಆಗುವುದಿಲ್ಲ. ಅದಕ್ಕೇ ವರ್ಷವರ್ಷ 2,500 ಕಿ.ಮೀ. ದೂರದಿಂದ ತರುವ ಪಾಡು.

ವ್ಯತ್ಯಾಸ ಬರುವುದು ಯಾರು, ಯಾವಾಗ, ಎಲ್ಲಿ ನೋಡಿ ತಂದರು ಅನ್ನುವುದರಲ್ಲಿ. ಪ್ರಾಂಗಣದಲ್ಲಿ ಮಳೆ ಬಿದ್ದ ಮಾರನೇ ದಿನ ನೂಕುನುಗ್ಗಲಿನಲ್ಲಿ ಕೊಳ್ಳುವವನಿಗೆ ಚೀಲ ಬಿಚ್ಚಿ ನೋಡುವುದಕ್ಕೂ ಪುರುಸೊತ್ತಿರುವುದಿಲ್ಲ. ತಿನ್ನುವ ಗೆಡ್ಡೆಯೇ ಬೀಜದ ಚೀಲಕ್ಕೆ ಬಂದು ಕೂತಿದ್ದರೂ ಗೊತ್ತಾಗದು. 25 ಟನ್ನಿನ ಒಂದು ಲೋಡು, ಎಕರೆಗೆ 8.5 ಕ್ವಿಂಟಲ್ ಲೆಕ್ಕದಲ್ಲಿ, ಸುಮಾರು 29 ಎಕರೆಗೆ ಸಾಕು. ಹದಿನೈದಿಪ್ಪತ್ತು ಮನೆಯವರು ಸೇರಿದರೆ ಒಂದು ಲಾರಿ ಆಯಿತು. ಫೆಬ್ರವರಿಯಲ್ಲೇ ಇಬ್ಬರು ಹೋಗಿ, ಯಾವ ಹೊಲದ್ದು, ಯಾವ ಶೈತ್ಯಾಗಾರದ್ದು ಅಂತ ನೋಡಿ, ಲಾಟ್ ನಂಬರು ಬರೆಸಿಕೊಂಡು ಬರಬಹುದು.

ಲಾರಿ ಬಂದಾಗ ಏನೇನು ನೋಡಬೇಕು?

ಮೊದಲು ಚೀಟಿ. ಪ್ರಮಾಣಿತ ಬೀಜಕ್ಕೆ ನೀಲಿ, ಮೂಲ ಬೀಜಕ್ಕೆ ಬಿಳಿ. ತಿಳಿ ಹಸಿರು ಚೀಟಿ ಅಂದರೆ ಮಾರುವವನೇ ಕೊಟ್ಟ ಭರವಸೆ. ಅದು ಪ್ರಮಾಣೀಕರಣ ಅಲ್ಲ. ಚೀಟಿಯೇ ಇಲ್ಲದ ಚೀಲಕ್ಕೆ 'ಸರ್ಟಿಫೈಡ್' ಅಂತ ಹೊಲಿಗೆ ಹಾಕಿದ್ದರೆ ಅದಕ್ಕೆ ಬೆಲೆಯಿಲ್ಲ.

ಆಮೇಲೆ ಲೋಡಿನ ಮೇಲ್ಗಡೆ, ನಡುವೆ, ತಳದಲ್ಲಿ ಒಂದೊಂದು ಚೀಲ ಇಳಿಸಿ. ತಳದ್ದನ್ನು ಬಿಡಬೇಡಿ; ಗಾಳಿಯಾಡದೆ ಬೆಂದಿರುವುದು ಅದೇ. ಒಟ್ಟು ನೂರು ಗೆಡ್ಡೆ ಆರಿಸಿ ಉದ್ದಕ್ಕೆ ಸೀಳಿ. ನಟ್ಟನಡುವೆ ಕಪ್ಪಾಗಿದ್ದರೆ ಉಸಿರುಗಟ್ಟಿದ ಗೆಡ್ಡೆ, ಮೊಳೆಯುವುದು ಅನುಮಾನ. ಸಿಪ್ಪೆಯಿಂದ ಸ್ವಲ್ಪ ಒಳಗೆ ಉಂಗುರದಂತೆ ಕಂದು ಗೆರೆ ಕಂಡರೆ ಒತ್ತಿ ನೋಡಿ. ಆ ಗೆರೆಯಿಂದ ಹಾಲಿನಂಥ ಅಂಟು ಹನಿ ಜಿನುಗಿದರೆ ಅದು ದುಂಡಾಣು ಸೊರಗು. ಖಾತ್ರಿಯಾಗಬೇಕಾದರೆ ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಂದು ಗೆರೆಯಿರುವ ತುಣುಕನ್ನು ಅಲ್ಲಾಡಿಸದೆ ನೀರಿಗೆ ತಾಗಿಸಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಬಿಳಿ ಎಳೆ ನೂಲಿನಂತೆ ಕೆಳಗಿಳಿಯುತ್ತದೆ. ನೂರರಲ್ಲಿ ಒಂದು ಗೆಡ್ಡೆ ಹೀಗೆ ಸಿಕ್ಕರೂ ಆ ಲಾಟ್ ಬೇಡ. ಕತ್ತರಿಸುವ ಚಾಕು ಒಂದರಿಂದ ಮುಂದಿನ ಹತ್ತಕ್ಕೆ ರೋಗ ಹಚ್ಚುತ್ತದೆ, ಹೊಲದ ಮಣ್ಣಿಗೂ ಸೇರಿಕೊಂಡುಬಿಡುತ್ತದೆ. ಆಮೇಲೆ ಆ ಹೊಲದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆಯುವಂತಿಲ್ಲ. ಎರಡು ವರ್ಷ ರಾಗಿಯೋ ಮೆಕ್ಕೆಜೋಳವೋ ಹಾಕಬೇಕು.

ಶೈತ್ಯಾಗಾರದಿಂದ ನೇರ ಬಂದ ಗೆಡ್ಡೆ ಬೆವರಿ ಒದ್ದೆಯಾಗಿರುತ್ತದೆ. ಅದನ್ನು ಒಟ್ಟಿಡಬಾರದು. ಅದೇ ದಿನ ಚೀಲ ಬಿಚ್ಚಿ, ನೆರಳಿನಲ್ಲಿ, ತಿಳಿ ಬೆಳಕು ಬೀಳುವ ಕಡೆ ಒಂದೆರಡು ಪದರವಾಗಿ ಹರಡಿ. 10ರಿಂದ 15 ದಿನದಲ್ಲಿ ಗಿಡ್ಡ, ದಪ್ಪ, ಹಸಿರು ಮೊಳಕೆ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಬರುವ ಬಿಳಿ ಉದ್ದ ಮೊಳಕೆ ಬಿತ್ತುವಾಗ ಮುರಿಯುತ್ತದೆ.

ಕತ್ತರಿಸುವ ಸರಿಯಾದ ಕ್ರಮ?

ಬಿತ್ತುವ ಎರಡು ದಿನ ಮೊದಲು. ಕಣ್ಣು ಹೆಚ್ಚಿರುವ ತುದಿಯಿಂದ ಬುಡಕ್ಕೆ ಉದ್ದಕ್ಕೆ ಸೀಳಿ, ಪ್ರತಿ ಹೋಳಿಗೂ ತುದಿಯ ಕಣ್ಣು ಸಿಗಬೇಕು. ಹೋಳಿಗೆ ಕನಿಷ್ಠ ಎರಡು ಕಣ್ಣು, 25ರಿಂದ 30 ಗ್ರಾಂ ತೂಕ. ಎರಡು ಚಾಕು ಇಟ್ಟುಕೊಂಡು ಒಂದನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟು ಅದಲುಬದಲು ಮಾಡಿ. ಹೋಳುಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಂದು ದಿನ ಆರಲು ಬಿಡಿ. ಕೊಯ್ದ ಮುಖ ಒಣಗಿ ಬಿರುಸಾಗಬೇಕು. ಹಸಿ ಹೋಳನ್ನು ಚೀಲಕ್ಕೆ ತುಂಬಿ ಹೊಲಕ್ಕೆ ಒಯ್ದರೆ ಮಧ್ಯಾಹ್ನದೊಳಗೆ ಬಿಸಿಯಾಗಿ ಲೋಳೆ ಕಟ್ಟುತ್ತದೆ. ರೋಹಿಣಿ ಮಳೆ ಜೋರಾಗಿ ಹೊಲ ಕೆಸರಾಗಿದ್ದರೆ ಹೋಳು ಹಾಕಲೇಬೇಡಿ. ಸಣ್ಣ ಇಡೀ ಗೆಡ್ಡೆ ಇದ್ದರೆ ಅದನ್ನೇ ಹಾಕಿ.

ಊಟಿ ಹತ್ತಿರ. ಅಲ್ಲಿಂದ ಬೀಜ ತರಿಸಬಾರದೇ?

ಬೇಡ. ನೀಲಗಿರಿಯ ಮಣ್ಣಿನಲ್ಲಿ 1961ರಲ್ಲೇ ಆಲೂಗಡ್ಡೆಯ ಕೋಶ ಜಂತುಹುಳು ಪತ್ತೆಯಾಗಿದೆ, ಅಲ್ಲಿಂದ ಬಿತ್ತನೆ ಗೆಡ್ಡೆ ಹೊರಗೆ ಕಳಿಸುವುದಕ್ಕೆ ನಿರ್ಬಂಧವಿದೆ. ಹಿಮಾಚಲ, ಜಮ್ಮು ಕಾಶ್ಮೀರ, ಉತ್ತರಾಖಂಡದ ಬೀಜಕ್ಕೂ 2018ರಲ್ಲಿ ಇದೇ ಕಾರಣಕ್ಕೆ ತಡೆ ಬಿತ್ತು. ಗೆಡ್ಡೆಗೆ ಮೆತ್ತಿದ ಒಂದು ಚಿಟಿಕೆ ಮಣ್ಣಿನಲ್ಲಿ ಬರುವ ಹುಳುವಿನ ಕೋಶ ವರ್ಷಾನುಗಟ್ಟಲೆ ಹೊಲದಲ್ಲಿ ಬದುಕುತ್ತದೆ. ಒಬ್ಬರ ಅಗ್ಗದ ಬೀಜಕ್ಕೆ ಇಡೀ ಹೋಬಳಿ ದಂಡ ತೆರಬೇಕಾಗುತ್ತದೆ.

ಕುಡಿಕಾಂಡ ಸಸಿ ಅಂತಾರಲ್ಲ, ಅದರಿಂದ ನಮ್ಮಲ್ಲೇ ಬೀಜ ಮಾಡಬಹುದೇ?

ಮಾಡಬಹುದು. ಸಂಘಗಳು ಕೈ ಹಾಕಬೇಕಾದ ಕೆಲಸ ಇದೇ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಎಆರ್‌ಸಿ ಸಸಿ ಅಂತಲೂ ಕರೆಯುತ್ತಾರೆ. ಅಂಗಾಂಶ ಕೃಷಿಯಿಂದ ಬಂದ, ನಂಜಿಲ್ಲದ ತಾಯಿ ಗಿಡದ ಕುಡಿಯನ್ನು ಚಿವುಟಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೇರು ಬರಿಸಿದ ಸಸಿ. ಪೆರುವಿನ ಲೀಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ನೆರವಿನಿಂದ ಈ ಪದ್ಧತಿ ಹಾಸನ ಜಿಲ್ಲೆಗೂ ಬಂದಿದೆ. ಒಂದು ಸಸಿಗೆ 7ರಿಂದ 10 ಗೆಡ್ಡೆ, ಆರೈಕೆ ಚೆನ್ನಾಗಿದ್ದರೆ 15ರವರೆಗೂ ಸಿಗುತ್ತದೆ.

ಇದನ್ನು ಮುಂಗಾರಿಗೆ ನೆಟ್ಟು ತಿನ್ನುವ ಗೆಡ್ಡೆ ಬೆಳೆಯಲು ಹೋಗಬೇಡಿ. ನೀರಾವರಿ ಇರುವ ಸದಸ್ಯರ ಕಾಲು ಎಕರೆ, ಅರ್ಧ ಎಕರೆಯಲ್ಲಿ ನವೆಂಬರ್ ಕೊನೆಗೆ ನೆಡಿಸಬೇಕು. ಮೊದಲ ಹತ್ತು ದಿನ ಸಸಿಗೆ ನೀರು ತಪ್ಪಬಾರದು. ಮಾರ್ಚಿ ಮೊದಲ ವಾರದಲ್ಲಿ ಕಿತ್ತರೆ, ಗೆಡ್ಡೆಯ ನಿದ್ರಾವಸ್ಥೆ ಎಂಟು ಹತ್ತು ವಾರದಲ್ಲಿ ಮುಗಿದು ಮೇ ನಡುವೆ ತಾನಾಗಿಯೇ ಮೊಳಕೆ ಒಡೆಯುತ್ತದೆ. ಶೈತ್ಯಾಗಾರವೂ ಬೇಡ, ಲಾರಿ ಬಾಡಿಗೆಯೂ ಬೇಡ. ಅದರಲ್ಲಿ ಒಂದು ಪಾಲನ್ನು ಮಾತ್ರ ಶೈತ್ಯಾಗಾರದಲ್ಲಿಟ್ಟು ಮತ್ತೊಂದು ಹಿಂಗಾರಿನಲ್ಲಿ ಹೆಚ್ಚಿಸಿಕೊಂಡರೆ ಸದಸ್ಯರಿಗೆಲ್ಲ ಹಂಚುವಷ್ಟಾಗುತ್ತದೆ. ಕೆಡುವುದು ಎಲ್ಲಿ ಅಂದರೆ, ಪಕ್ಕದಲ್ಲೇ ಟೊಮೆಟೊ ತೋಟವಿರುವ ಜಾಗ ಆರಿಸಿದಾಗ. ಅಲ್ಲಿನ ಹೇನು, ಅಂಗಮಾರಿ ಎರಡೂ ಬೀಜದ ತಾಕಿಗೆ ಹಾರುತ್ತವೆ.

ತಳಿಯ ಮಾತೂ ಇಲ್ಲೇ ಆಗಬೇಕು. ಕುಫ್ರಿ ಜ್ಯೋತಿ 1968ರ ತಳಿ. ಆಗ ಅಂಗಮಾರಿ ತಡೆಯುತ್ತಿತ್ತು, ಈಗ ತಡೆಯುವುದಿಲ್ಲ. 2006ರ ಕುಫ್ರಿ ಹಿಮಾಲಿನಿಗೆ ತಡೆಯುವ ಶಕ್ತಿ ಹೆಚ್ಚು. ಆದರೂ ವ್ಯಾಪಾರಿಗಳು ಜ್ಯೋತಿಯನ್ನೇ ಕೇಳುತ್ತಾರೆ, ಲಾರಿಯಲ್ಲಿ ಬರುವುದೂ ಅದೇ. ತಳಿ ಬದಲಾಯಿಸಬೇಕಾದರೆ ಬೀಜ ನಮ್ಮ ಕೈಲಿರಬೇಕು.

ಕಂಪನಿ ತಳಿಯ ಗೆಡ್ಡೆಯನ್ನು ಬೀಜಕ್ಕೆ ಉಳಿಸಿಕೊಂಡರೆ ಕೇಸ್ ಹಾಕುತ್ತಾರಾ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ಪ್ರಕಾರ ರೈತ ತನ್ನ ಬೆಳೆಯನ್ನು ಬೀಜಕ್ಕೆ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು, ಲೇಬಲ್ ಹಾಕಿ ಬೀಜವೆಂದು ಮಾರುವಂತಿಲ್ಲ. 2019ರಲ್ಲಿ ಚಿಪ್ಸ್ ತಳಿಯೊಂದರ ವಿಚಾರಕ್ಕೆ ಗುಜರಾತಿನ ರೈತರ ಮೇಲೆ ಪೆಪ್ಸಿಕೋ ಹೂಡಿದ್ದ ದಾವೆಗಳನ್ನು ಅದೇ ವರ್ಷ ಹಿಂದಕ್ಕೆ ಪಡೆಯಿತು. ಆದರೆ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅದರ ಷರತ್ತುಗಳನ್ನು ಬೇರೆಯಾಗಿ ಓದಬೇಕು. ಸಹಿಗೆ ಮೊದಲು ಸಂಘದಲ್ಲಿ ತೋರಿಸಿ.

ಅಂಗಮಾರಿಗೆ ಸಂಘ ಏನು ಮಾಡುತ್ತದೆ? ಔಷಧಿ ಅಂಗಡಿಯವರೇ ಹೇಳುತ್ತಾರಲ್ಲ.

ಅಂಗಡಿಯವರು ಹೇಳುವುದು ರೋಗ ಬಂದ ಮೇಲೆ. ಬ್ರಿಟನ್ನಿನಲ್ಲಿ ಒಂದು ಸೂತ್ರವಿದೆ: ಸತತ ಎರಡು ದಿನ ಕನಿಷ್ಠ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ 6 ಗಂಟೆ ಗಾಳಿಯ ತೇವ ಶೇ 90 ದಾಟಿದರೆ ಎಚ್ಚರಿಕೆ ಹೋಗುತ್ತದೆ. ಇದನ್ನೇ ಹಾಸನಕ್ಕೆ ತಂದರೆ ಜುಲೈ, ಆಗಸ್ಟಿನಲ್ಲಿ ಹೆಚ್ಚುಕಡಿಮೆ ದಿನವೂ ಎಚ್ಚರಿಕೆಯೇ. ಪುನರ್ವಸು, ಪುಷ್ಯ ಮಳೆಯ ಸೋನೆ ಹಿಡಿದರೆ ಇಬ್ಬನಿ ಆರುವುದೇ ಹನ್ನೊಂದು ಗಂಟೆಗೆ. ಹಾಗಾಗಿ ನಮ್ಮಲ್ಲಿ ಬೇಕಾದದ್ದು ಎರಡು ಸುದ್ದಿ: ಮೊದಲ ಚುಕ್ಕೆ ಯಾವ ಊರಿನಲ್ಲಿ ಕಂಡಿತು, ಸಿಂಪಡಿಸಲು ಮಳೆ ಬಿಡುವು ಯಾವಾಗ ಸಿಗುತ್ತದೆ. ಇವೆರಡನ್ನೂ ಊರಿಗೊಬ್ಬ ಸದಸ್ಯ ಹೊಲ ಸುತ್ತಿ ವಾಟ್ಸಾಪಿಗೆ ಹಾಕಿದರೆ ಸಾಕು.

ಸುತ್ತುವ ಕ್ರಮ: ಬಿತ್ತಿ 30 ದಿನವಾದ ಮೇಲೆ ವಾರಕ್ಕೆರಡು ಸಲ, ಬೆಳಿಗ್ಗೆ ಇಬ್ಬನಿ ಆರುವ ಮುಂಚೆ. ತಗ್ಗು, ಮರದ ನೆರಳು, ಬೇಲಿ ಮಗ್ಗುಲು ಮೊದಲು ನೋಡಿ. ಐದು ಕಡೆ ಇಪ್ಪತ್ತಿಪ್ಪತ್ತು ಗಿಡ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ಮಂಕು ಹಸಿರು ಕಲೆ, ನಡುವೆ ಕಪ್ಪಗಾಗುತ್ತಿದ್ದರೆ, ಎಲೆ ತಿರುಗಿಸಿ. ಕಲೆಯ ಅಂಚಿಗೆ ಹಿಟ್ಟು ಉದುರಿಸಿದಂತೆ ಬಿಳಿ ಬೂಸ್ಟು ಕಂಡರೆ ಅದು ಅಂಗಮಾರಿಯೇ. ಅನುಮಾನವಿದ್ದರೆ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಾತ್ರಿ ಇಡಿ, ಬೆಳಿಗ್ಗೆ ಬೂಸ್ಟು ಎದ್ದಿರುತ್ತದೆ. ಬಳೆಯ ಒಳಗೆ ಬಳೆ ಇಟ್ಟಂತೆ ಒಣ ಕಂದು ಚುಕ್ಕೆ, ಅದೂ ಕೆಳಗಿನ ಹಳೆ ಎಲೆಯಲ್ಲಿದ್ದರೆ ಅದು ಮುಂಚಿನ ಅಂಗಮಾರಿ. ಅಷ್ಟು ಗಾಬರಿ ಬೇಡ.

ಯಾವ ಔಷಧಿ, ಎಷ್ಟು, ಯಾವಾಗ?

ರೋಗ ಕಾಣುವ ಮೊದಲು, ಗಿಡಗಳು ಸಾಲಿನಲ್ಲಿ ಕೂಡಿಕೊಳ್ಳುವ ಹೊತ್ತಿಗೆ ಮ್ಯಾಂಕೋಜೆಬ್ ಶೇ 75, ಲೀಟರಿಗೆ 2.5 ಗ್ರಾಂ. 16 ಲೀಟರಿನ ಕ್ಯಾನಿಗೆ 40 ಗ್ರಾಂ. ಬೆಳೆದ ಬೆಳೆಗೆ ಎಕರೆಗೆ 250 ಲೀಟರ್ ನೀರು ಬೇಕು, ಅಂದರೆ ಹದಿನೈದು ಹದಿನಾರು ಕ್ಯಾನು. ಆರು ಕ್ಯಾನಿನಲ್ಲಿ ಎಕರೆ ಮುಗಿಸಿದರೆ ಮೇಲಿನ ಎಲೆಯ ಮೇಲ್ಮುಖ ಮಾತ್ರ ನೆನೆದಿರುತ್ತದೆ; ರೋಗ ಇರುವುದು ಕೆಳಗೆ. ನಾಜಲ್ಲನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹೊಡೆಯಿರಿ, ಅಂಟು ದ್ರಾವಣ ಬೆರೆಸಿ.

ಚುಕ್ಕೆ ಕಂಡ ಮೇಲೆ ಬರೀ ಮ್ಯಾಂಕೋಜೆಬ್ ಸಾಲದು. ಸೈಮೋಕ್ಸಾನಿಲ್ ಶೇ 8 ಮತ್ತು ಮ್ಯಾಂಕೋಜೆಬ್ ಶೇ 64 ಇರುವ ಮಿಶ್ರಣ ಲೀಟರಿಗೆ 3 ಗ್ರಾಂ, ಅಥವಾ ಡೈಮೆಥೊಮಾರ್ಫ್ 1 ಗ್ರಾಂ ಜೊತೆ ಮ್ಯಾಂಕೋಜೆಬ್ 2 ಗ್ರಾಂ. 7ರಿಂದ 10 ದಿನಕ್ಕೊಮ್ಮೆ, ಸೋನೆ ಬಿಡದಿದ್ದರೆ ಇನ್ನೂ ಬೇಗ, ಎರಡನ್ನೂ ಅದಲುಬದಲು ಮಾಡಿ.

"ಮೊದಲೆಲ್ಲ ಮೆಟಲಾಕ್ಸಿಲ್ ಒಂದೇ ಸಲಕ್ಕೆ ನಿಲ್ಲಿಸುತ್ತಿತ್ತು, ಈಗ ಕಲಬೆರಕೆ" ಅನ್ನುವ ದೂರು ಸಾಮಾನ್ಯ. ಕಲಬೆರಕೆ ಇರಬಹುದು, ಆದರೆ ಮುಖ್ಯ ಕಾರಣ ಬೇರೆ. ದಕ್ಷಿಣ ಭಾರತದಲ್ಲಿ ಈಗ ಹರಡಿರುವ ಅಂಗಮಾರಿ ಶಿಲೀಂಧ್ರದ 13ಎ2 ಅನ್ನುವ ಬಗೆ ಮೆಟಲಾಕ್ಸಿಲ್‌ಗೆ ಜಗ್ಗುವುದಿಲ್ಲ. ಎರಡು ಪಟ್ಟು ಹಾಕಿದರೂ ಅಷ್ಟೇ. ಶಿಫಾರಸು ವರ್ಷಕ್ಕೊಮ್ಮೆ ಬದಲಾಗಬಹುದು, ಆದ್ದರಿಂದ ಸೋಮನಹಳ್ಳಿ ಕಾವಲಿನವರ ಆ ಸಾಲಿನ ಪಟ್ಟಿ ತರಿಸಿ ಸಂಘದ ಗೋಡೆಗೆ ಅಂಟಿಸಿ, ಡಬ್ಬಿಯ ಲೇಬಲ್ ಓದಿ.

ಸದಸ್ಯರಲ್ಲದವರಿಗೂ ಈ ಎಚ್ಚರಿಕೆ ಕೊಡಬೇಕೇ?

ಕೊಡಲೇಬೇಕು, ಪುಕ್ಕಟೆಯಾಗಿ. ರೋಗ ಸದಸ್ಯತ್ವ ನೋಡಿ ಬರುವುದಿಲ್ಲ. ಗಾಳಿಗೆ ಪಕ್ಕದ ಹೊಲದಿಂದ ಹಾರಿ ಬರುತ್ತದೆ. ಆರಿಸಿ ಎಸೆದ ಬೀಜದ ಗೆಡ್ಡೆಯ ಗುಡ್ಡೆ, ಹಳೇ ಹೊಲದಲ್ಲಿ ತಾನಾಗಿ ಎದ್ದ ಗಿಡ, ಇವೇ ಮೊದಲ ಮನೆ. ಎಸೆದದ್ದನ್ನು ಮೂರಡಿ ಆಳಕ್ಕೆ ಹೂಳಿಸಿ. 25ರಿಂದ 30 ದಿನಕ್ಕೆ ಮಣ್ಣು ಏರಿಸುವುದನ್ನೂ ಬಿಡಬೇಡಿ. ಮಣ್ಣು ತೆಳುವಾದರೆ ಎಲೆಯಿಂದ ತೊಳೆದು ಬಂದ ರೋಗ ಗೆಡ್ಡೆಗೆ ಇಳಿಯುತ್ತದೆ, ಬಿಸಿಲು ತಾಗಿದ ಗೆಡ್ಡೆ ಹಸಿರಾಗುತ್ತದೆ.

ವಿಮೆ ಕಟ್ಟಿದ್ದೆ, ಬೆಳೆ ಪೂರ್ತಿ ಹೋಯಿತು, ಹಣ ಬರಲಿಲ್ಲ. ಯಾಕೆ?

ಮೂರು ಕಾರಣ ಹೆಚ್ಚಾಗಿ ಸಿಗುತ್ತವೆ. ಒಂದು, ಫಸಲ್ ಬಿಮಾ ನಷ್ಟ ಲೆಕ್ಕ ಹಾಕುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿಯ ಮೇಲೆ. ನಿಮ್ಮ ಒಂದು ಹೊಲ ಕೊಳೆತರೂ ಉಳಿದವರದ್ದು ಬಂದಿದ್ದರೆ ಪರಿಹಾರವಿಲ್ಲ. ಎರಡು, ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಮೆಕ್ಕೆಜೋಳ ಅಂತ ದಾಖಲಾಗಿದ್ದು ವಿಮೆ ಆಲೂಗಡ್ಡೆಗೆ ಕಟ್ಟಿರುವುದು. ಹೊಂದದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಮೂರು, ಆಲಿಕಲ್ಲು, ಹೊಲ ಮುಳುಗುವಂಥ ಸ್ಥಳೀಯ ನಷ್ಟವನ್ನು 72 ಗಂಟೆಯೊಳಗೆ ತಿಳಿಸದಿರುವುದು.

ಇಲ್ಲಿ ಸಂಘದಿಂದ ನಿಜವಾದ ಉಪಯೋಗವಿದೆ. ಸಮೀಕ್ಷೆ ಮುಗಿದ ವಾರವೇ ಸದಸ್ಯರ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಸರ್ವೆ ನಂಬರು, ದಾಖಲಾದ ಬೆಳೆ ಮೂರನ್ನೂ ಪಟ್ಟಿ ಮಾಡಿ ತಾಳೆ ನೋಡುವುದು, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯಲ್ಲೇ ಸರಿಪಡಿಸುವುದು, ಸರಾಸರಿ ಇಳುವರಿ ತಿಳಿಯಲು ಹೊಲದಲ್ಲಿ ಕಿತ್ತು ತೂಗುವ ಬೆಳೆ ಕಟಾವು ಪ್ರಯೋಗದ ದಿನ ಒಬ್ಬ ಸದಸ್ಯ ಎದುರಿಗೆ ನಿಲ್ಲುವುದು. ತೋಟಗಾರಿಕೆ ಬೆಳೆಗೆ ರೈತನ ಪಾಲಿನ ವಿಮಾ ಕಂತು ವಿಮಾ ಮೊತ್ತದ ಶೇ 5 ಮೀರುವುದಿಲ್ಲ.

ಪಹಣಿ ನನ್ನ ಹೆಸರಿಗಿಲ್ಲ, ವಾರಕ್ಕೆ (ಬೆಳೆಯ ಪಾಲಿಗೆ) ಮಾಡುತ್ತೇನೆ. ಸೇರಬಹುದೇ?

ಉತ್ಪಾದಕ ಕಂಪನಿಗೆ ಬೆಳೆಗಾರನಾದರೆ ಸಾಕು. ಸಹಾಯಧನ, ವಿಮೆಗಳು ಮಾತ್ರ ಜಮೀನಿನ ಎಫ್‌ಐಡಿಗೆ ಅಂಟಿಕೊಂಡಿರುವುದರಿಂದ ಜಮೀನಿನವರ ಜೊತೆ ಬಿತ್ತುವ ಮೊದಲೇ ಮಾತಾಡಿಕೊಳ್ಳಿ.

ರೇಟಿಗೆ ಏನೂ ಮಾಡಲಾಗದೇ?

ಸ್ವಲ್ಪ ಮಾಡಬಹುದು. ಆಲೂಗಡ್ಡೆಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ. ಬೆಲೆ ಕುಸಿದಾಗ ರಾಜ್ಯ ಕೇಳಿಕೊಂಡರೆ ಕೇಂದ್ರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ತೆರೆಯುತ್ತದೆ, ನಷ್ಟವನ್ನು ಇಬ್ಬರೂ ಅರ್ಧರ್ಧ ಹೊರುತ್ತಾರೆ. ಆದರೆ ಆದೇಶ ಬರುವ ಹೊತ್ತಿಗೆ ಮುಂಗಾರಿನ ಗೆಡ್ಡೆ ಉಳಿದಿರುವುದಿಲ್ಲ. ಒದ್ದೆ ನೆಲದಿಂದ ಕಿತ್ತ, ಸಿಪ್ಪೆ ಬಲಿಯದ ಗೆಡ್ಡೆಯನ್ನು ತಿಂಗಳು ಕಾಪಾಡುವುದೇ ಕಷ್ಟ. "ಹಿಡಿದಿಟ್ಟು ಮಾರೋಣ" ಅನ್ನುವ ಸಂಘಗಳು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಮಾಡಬಹುದಾದ್ದು ಕಳೆತ, ಅಂದರೆ ತೂಕದಲ್ಲಿ ಮುರಿದುಕೊಳ್ಳುವುದನ್ನು ತಗ್ಗಿಸುವುದು. ಕೀಳುವ 10ರಿಂದ 15 ದಿನ ಮೊದಲು ಬಳ್ಳಿ ಕೊಯ್ದು ಹೊಲದಿಂದ ಹೊರಹಾಕಿ, ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಏಳಬಾರದು. ಹಸಿರು, ಗುದ್ದಲಿ ತಾಗಿದ್ದು, ಕೊಳೆತದ್ದು ತೆಗೆದು ದಪ್ಪ, ಮಧ್ಯಮ, ಸಣ್ಣ ಅಂತ ಮೂರು ಮಾಡಿ. ಕೊಳೆತ ಒಂದೇ ಒಂದು ಗೆಡ್ಡೆ ಕೇರಳಕ್ಕೆ ಹೋಗುವ ದಾರಿಯಲ್ಲಿ ಚೀಲವನ್ನೇ ನೆನೆಸುತ್ತದೆ. ಕೊಳ್ಳುವವರು ಚೀಲಕ್ಕೆ ಇಷ್ಟು ಕೆ.ಜಿ. ಅಂತ ಮೊದಲೇ ಮುರಿದುಕೊಳ್ಳುವುದು ಈ ಭಯಕ್ಕೆ. ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಿಂದ ಹಿಡಿಯುವಂತಿಲ್ಲ. ಬಿಳಿ ಚೀಟಿ ಬೇಡ, ತೂಕ ಮತ್ತು ದರ ಬರೆದ ಅಧಿಕೃತ ಬಿಲ್ಲನ್ನೇ ಕೇಳಿ. ಒಬ್ಬ ಕೇಳಿದರೆ ಜಗಳವಾಗುತ್ತದೆ, ಸಂಘದ ಲೋಡಿಗೆ ಕೇಳಿದರೆ ಕೊಡುತ್ತಾರೆ. ಕೀಳುವ ಹಿಂದಿನ ದಿನ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಹಾಸನ, ಚಿಕ್ಕಮಗಳೂರು, ಬೆಂಗಳೂರಿನ ದರ ನೋಡಿಕೊಳ್ಳಿ.

ಚಿಪ್ಸ್ ಕಂಪನಿಗೆ ಕೊಡಬಹುದಲ್ಲ?

ಗೆಡ್ಡೆಯ ಒಣ ಅಂಶ ಶೇ 20ರ ಮೇಲಿದ್ದು, ಸಕ್ಕರೆ ಕಡಿಮೆ ಇದ್ದರೆ. ಮೋಡ, ಮಳೆಯಲ್ಲಿ ಬೆಳೆದ ಗೆಡ್ಡೆ ಇಲ್ಲಿ ಸೋಲುವುದು ಹೆಚ್ಚು. ಗೇಟಿಗೆ ಹೋಗಿ ಲೋಡು ವಾಪಸಾಗುವ ಬದಲು ಊರಲ್ಲೇ ಅಳೆಯಿರಿ. 5 ಕೆ.ಜಿ. ತೊಳೆದ ಗೆಡ್ಡೆಯನ್ನು ಬಲೆ ಚೀಲದಲ್ಲಿ ತೂಗು ತಕ್ಕಡಿಗೆ ಕಟ್ಟಿ, ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ ತಳ ತಾಗದಂತೆ ತೂಗಿ. ನೀರಿನಲ್ಲಿ 370 ಗ್ರಾಂ ಅಥವಾ ಹೆಚ್ಚು ತೋರಿಸಿದರೆ ಸಾಂದ್ರತೆ 1.08, ಒಣ ಅಂಶ ಹತ್ತಿರ ಹತ್ತಿರ ಶೇ 20. 300 ಗ್ರಾಂ ಬಂದರೆ ಆ ಲೋಡನ್ನು ಪೇಟೆಗೇ ಕಳಿಸಿ.

ಸಂಘ ಸರಿಯಾಗಿ ನಡೆಯುತ್ತಿದೆ ಅಂತ ಗೊತ್ತಾಗುವುದು ಹೇಗೆ?

ವಾರ್ಷಿಕ ಸಭೆಯಲ್ಲಿ ಲೆಕ್ಕಪರಿಶೋಧನೆ ವರದಿ, ಬೀಜ ಖರೀದಿಯ ಮೂಲ ಬಿಲ್ಲು, ಲಾರಿ ಬಾಡಿಗೆ ರಸೀದಿ, ಯಾರಿಗೆ ಎಷ್ಟು ಚೀಲ ಹಂಚಿದರು ಅನ್ನುವ ಪಟ್ಟಿ ಇವಿಷ್ಟನ್ನು ಕೇಳಿ. ತಡವರಿಸಿದರೆ ಮುಂದಿನ ವರ್ಷದ ಮುಂಗಡ ಕೊಡಬೇಡಿ.

ಯಾವಾಗ ಸೇರಬೇಕು?

ಡಿಸೆಂಬರ್ ಒಳಗೆ. ಜನವರಿಯಲ್ಲಿ ಎಕರೆ ಲೆಕ್ಕ, ಫೆಬ್ರವರಿಯಲ್ಲಿ ಪಂಜಾಬಿನಲ್ಲಿ ಲಾಟ್ ನೋಡಿ ಮುಂಗಡ, ಏಪ್ರಿಲ್ ಕೊನೆಗೆ ಲಾರಿ. ಆಧಾರ್, ಪಹಣಿ ಅಥವಾ ವಾರದ ಪತ್ರ, ಎಫ್‌ಐಡಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಮತ್ತು ಷೇರು ಹಣ ತನ್ನಿ. ಎಷ್ಟು ಎಕರೆಗೆ, ಯಾವ ತಳಿ, ಹೋಳೋ ಇಡೀ ಗೆಡ್ಡೆಯೋ ಅನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬನ್ನಿ. ಚೀಲದ ಲೆಕ್ಕ ಅದರ ಮೇಲೆ ನಿಲ್ಲುತ್ತದೆ.